ಮಗ್ಗುಲು ತಿರುಗುವ ಕಾರು: ಸೊಲ್ಲಾಪುರ–ಅಕ್ಕಲಕೋಟೆ ದಾರಿಯ ಕಬ್ಬಿಣದ ಕೆಲಸ

ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಸುಮಾರು 40 ಕಿಲೋಮೀಟರು. ಗುರುವಾರದ ಬೆಳಗಿನಲ್ಲಿ ಆ ದಾರಿ ಹಿಡಿಯುವವರಲ್ಲಿ ಬಹುಪಾಲು ಜನ ಸ್ವಾಮಿ ಸಮರ್ಥರ ವಟವೃಕ್ಷ ಮಂದಿರಕ್ಕೆ ಹೊರಟವರು. ಊರು ಬಿಡುವ ಮೊದಲೇ ಎಡಬಲಗಳಲ್ಲಿ ವಿದ್ಯುನ್ಮಗ್ಗಗಳ ಸದ್ದು ಕೇಳಿಬರುತ್ತದೆ. ಅದು ಅಕ್ಕಲಕೋಟೆ ರಸ್ತೆಯ ಕೈಗಾರಿಕಾ ವಸಾಹತು. ಮುಂದೆ ಕುಂಭಾರಿಯಲ್ಲಿ ಬೀಡಿ ಕಟ್ಟುವ ಹೆಂಗಸರಿಗಾಗಿ ಎದ್ದ ಸಾವಿರಾರು ಮನೆಗಳು, ಆಮೇಲೆ ವಳಸಂಗ, ಅದರಾಚೆ ಎರೆಹೊಲ. ಜೋಳ, ತೊಗರಿ, ನೀರಿದ್ದ ಕಡೆ ಕಬ್ಬು. ಅಂಗಡಿಯ ಹಲಗೆಗಳೆಲ್ಲ ಮರಾಠಿಯಲ್ಲಿವೆ. ಒಳಗೆ ಕುಳಿತವರು ಗಿರಾಕಿಯ ಮುಖ ನೋಡಿ ಕನ್ನಡಕ್ಕೋ ತೆಲುಗಿಗೋ ಹೊರಳುತ್ತಾರೆ.

ಭಕ್ತರ ಕಣ್ಣಿಗೆ ಬೀಳದ ಇನ್ನೊಂದು ಸಾಲೂ ಈ ದಾರಿಯ ಬದಿಗಿದೆ. ಟ್ರ್ಯಾಕ್ಟರ್ ಟ್ರಾಲಿ ಕಟ್ಟುವವರು, ನೇಗಿಲು ಕುಂಟೆಗಳಿಗೆ ಹೊಸ ತಾಳು ಬೆಸೆಯುವವರು, ಮಗ್ಗದ ಬಿಡಿಭಾಗ ತಿರುವುವ ಲೇಥಿನವರು, ಹಳೆಯ ಕಬ್ಬಿಣ ಕೊಳ್ಳುವವರು. ಮಗ್ಗ ಮತ್ತು ಕಬ್ಬು, ಈ ಎರಡೂ ಕಬ್ಬಿಣವನ್ನು ಬಿಡದೆ ತಿನ್ನುವ ಕಸುಬುಗಳು. ಆದ್ದರಿಂದ ವೆಲ್ಡಿಂಗ್ ಬಲ್ಲ ಕೈ ಇಲ್ಲಿ ಹುಡುಕಿದರೆ ಸಿಕ್ಕೀತು ಎನ್ನುವಂಥದಲ್ಲ, ಹೆಜ್ಜೆಹೆಜ್ಜೆಗೂ ಸಿಕ್ಕುವಂಥದು. ಹಳೆಯ ಕಾರೊಂದನ್ನು ಮನೆಯ ಅಂಗಳದಲ್ಲೇ ಹೊಸದಾಗಿಸಬೇಕೆಂದು ಹೊರಟವರಿಗೆ ಬೇಕಾದುದೆಲ್ಲವೂ ಈ 40 ಕಿಲೋಮೀಟರಿನೊಳಗೆ ಇದೆ. ಬಾಡಿಗೆಯ ಗ್ಯಾರೇಜುಗಳಲ್ಲಿ ಅಪರೂಪವಾಗಿ ಕಾಣುವ ಒಂದು ಸಾಧನವನ್ನೂ, ಅಂದರೆ ಕಾರಿನ ಮೈಯನ್ನು ಮಗ್ಗುಲಿಗೆ ತಿರುಗಿಸುವ ಚೌಕಟ್ಟನ್ನೂ, ಇಲ್ಲಿಯೇ ಕಟ್ಟಿಕೊಳ್ಳಬಹುದು.

ಹಳೆಯ ಕಾರು ಎಂದರೆ ಈ ಭಾಗದಲ್ಲಿ ಮೊದಲು ನೆನಪಾಗುವುದು ಫಿಯೆಟ್, ಅಥವಾ ಅದರ ತಂಗಿ ಪದ್ಮಿನಿ. ವಾಡೆಯ ಹಿತ್ತಿಲಿನಲ್ಲಿ, ಬೇವಿನ ಮರದ ಕೆಳಗೆ, ತಾಡಪಾಲು ಹೊದ್ದು ಕುಳಿತ ಆ ದುಂಡು ಮೂಗಿನ ಕಾರಿಗೆ ಕೊನೆಗೊಂದು ದಿನ ಬರುವ ಗಿರಾಕಿ ಭಂಗಾರದವನು. ಸೊಲ್ಲಾಪುರದ ಕನ್ನಡದಲ್ಲಿ ಮರಾಠಿಯಿಂದ ಬಂದ 'ಭಂಗಾರ'ವೂ ಮನೆಯ 'ಬಂಗಾರ'ವೂ ಒಂದು ಉಸಿರಿನ ಅಂತರದಲ್ಲಿವೆ. ಮೊದಲನೆಯದು ಕಿಲೋ ಲೆಕ್ಕದಲ್ಲಿ ಹೋಗುವ ರದ್ದಿ, ಎರಡನೆಯದು ತೊಲದ ಲೆಕ್ಕದಲ್ಲಿ ಪೆಟ್ಟಿಗೆ ಸೇರುವ ಒಡವೆ. ಅಜ್ಜನ ಕಾರು ಯಾವುದರ ಪಾಲಾಗಬೇಕು ಎಂಬ ಚರ್ಚೆ ಎಷ್ಟೋ ಮನೆಗಳಲ್ಲಿ ವರ್ಷಗಟ್ಟಲೆ ನಡೆಯುತ್ತದೆ. ಅಷ್ಟರಲ್ಲಿ ಮಳೆ ಚರ್ಚೆಗೆ ಕಾಯದೆ ತನ್ನ ಕೆಲಸ ಮಾಡಿಬಿಟ್ಟಿರುತ್ತದೆ.

ಈ ಕಾರಿಗೂ ಸೊಲ್ಲಾಪುರಕ್ಕೂ ಇರುವ ನಂಟು ಮಾತ್ರ ಊರಿನ ಮಕ್ಕಳಿಗೆ ತಿಳಿದಿರಲೇಬೇಕಾದದ್ದು. ಪದ್ಮಿನಿಯನ್ನು ತಯಾರಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿಯ ಸ್ಥಾಪಕ ವಾಲಚಂದ ಹಿರಾಚಂದರು ಹುಟ್ಟಿದ್ದು 1882ರ ನವೆಂಬರ್ 23ರಂದು, ಇದೇ ಸೊಲ್ಲಾಪುರದಲ್ಲಿ. ಗುಜರಾತಿನಿಂದ ಬಂದು ಇಲ್ಲಿ ನೆಲೆನಿಂತ ಜೈನ ವ್ಯಾಪಾರಿ ಮನೆತನ ಅವರದು. ಮನೆಯ ವ್ಯಾಪಾರದಲ್ಲಿ ಮನಸ್ಸು ನಿಲ್ಲದೆ ಅವರು ರೈಲುಮಾರ್ಗದ ಗುತ್ತಿಗೆಗೆ ಇಳಿದರು. ಹಿಂದೆ ರೈಲ್ವೆಯಲ್ಲಿ ಗುಮಾಸ್ತರಾಗಿದ್ದ ಲಕ್ಷ್ಮಣರಾವ್ ಫಾಟಕರನ್ನು ಪಾಲುದಾರರನ್ನಾಗಿ ಮಾಡಿಕೊಂಡು ಬಾರ್ಶಿ ಲೈಟ್ ರೈಲ್ವೆಯ ಕೆಲಸದಿಂದ ಆರಂಭಿಸಿದರು. ಅಲ್ಲಿಂದ ಹಡಗಿಗೆ. 1919ರ ಏಪ್ರಿಲ್ 5ರಂದು ಸಿಂದಿಯಾ ಕಂಪನಿಯ 'ಲಾಯಲ್ಟಿ' ಹಡಗು ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ದೇಶ ಆ ದಿನವನ್ನು ಇಂದಿಗೂ ರಾಷ್ಟ್ರೀಯ ನೌಕಾಯಾನ ದಿನವೆಂದು ಆಚರಿಸುತ್ತದೆ.

ಕಾರಿನ ಕಥೆಯಲ್ಲಿ ಕನ್ನಡನಾಡಿನ ಪಾಲೂ ಇದೆ. ಮೈಸೂರಿನ ದಿವಾನಗಿರಿಯಿಂದ ನಿವೃತ್ತರಾಗಿ ವರ್ಷಗಳು ಕಳೆದಿದ್ದರೂ ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಭಾರತದಲ್ಲೇ ಮೋಟಾರು ತಯಾರಿಸುವ ಯೋಜನೆಯೊಂದನ್ನು ಸಿದ್ಧಪಡಿಸಿದರು. 1935ರಲ್ಲಿ ಯುರೋಪು ಅಮೆರಿಕಗಳ ಕಾರ್ಖಾನೆಗಳನ್ನು ಕಂಡು ಬಂದರು. ಆ ಯೋಜನೆಯನ್ನು ಹೆಗಲಿಗೆ ಹಾಕಿಕೊಂಡವರು ವಾಲಚಂದರು. ಕಾರ್ಖಾನೆ ಬೆಂಗಳೂರಿನಲ್ಲಿ ನಿಲ್ಲುವ ಮಾತೂ ನಡೆಯಿತು. ಬ್ರಿಟಿಷ್ ಸರ್ಕಾರದ ಅನುಮತಿ ಮಾತ್ರ ದೊರೆಯಲಿಲ್ಲ. ಬೆಂಗಳೂರಿಗೆ ಕಾರಿನ ಬದಲು ವಿಮಾನ ದಕ್ಕಿತು: 1940ರ ಡಿಸೆಂಬರಿನಲ್ಲಿ ಮೈಸೂರು ಸರ್ಕಾರದ ಸಹಭಾಗಿತ್ವದೊಂದಿಗೆ ವಾಲಚಂದರು ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಸ್ಥಾಪಿಸಿದರು, ಇಂದಿನ ಎಚ್‌ಎಎಲ್‌ನ ಬೇರು ಅದು. ಕಾರಿನ ಕನಸು 1944ರಲ್ಲಿ ಪ್ರೀಮಿಯರ್ ಹೆಸರಿನಲ್ಲಿ ಕಂಪನಿಯಾಗಿ, ಮುಂಬಯಿಯ ಕುರ್ಲಾದಲ್ಲಿ ಕಾರ್ಖಾನೆಯಾಯಿತು. 1947ರಿಂದ ಅಲ್ಲಿ ಡಾಡ್ಜ್, ಪ್ಲಿಮತ್, ಡಿಸೊಟೊ ಹೆಸರಿನ ಅಮೆರಿಕದ ಗಾಡಿಗಳನ್ನು ಜೋಡಿಸಿದರು. ಬಳಿಕ ಇಟಲಿಯ ಫಿಯೆಟ್ ಜತೆ ಒಪ್ಪಂದವಾಯಿತು. ಮನೆಮಾತಾದ ಫಿಯೆಟ್ 1100 ಇಲ್ಲಿ ಹೊರಬಂದದ್ದು 1954ರಲ್ಲಿ. ವಾಲಚಂದರು ಅದನ್ನು ಕಾಣಲಿಲ್ಲ. 1953ರ ಏಪ್ರಿಲ್ 8ರಂದೇ ತೀರಿಕೊಂಡಿದ್ದರು. ಫಿಯೆಟ್ ಹೆಸರು ಬಿಟ್ಟ ಮೇಲೆ ಅದೇ ಕಾರು ಮೊದಲು 'ಪ್ರೆಸಿಡೆಂಟ್' ಆಯಿತು, 1974ರಿಂದ 'ಪದ್ಮಿನಿ' ಆಯಿತು. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಗಳಲ್ಲಿ ಅದರ ಕೊನೆಯ ನೋಂದಣಿ ನಡೆದದ್ದು 2003ರ ಅಕ್ಟೋಬರ್ 29ರಂದು. ಟ್ಯಾಕ್ಸಿಗೆ 20 ವರ್ಷದ ಮಿತಿ ಇದ್ದುದರಿಂದ 2023ರ ಅಕ್ಟೋಬರ್ ಮುಗಿಯುವ ಹೊತ್ತಿಗೆ ಅದು ಆ ಬೀದಿಗಳಿಂದಲೂ ಮರೆಯಾಯಿತು.

ಇಷ್ಟು ಹಿರಿಮೆಯ ಕಾರು ಸಾಯುವುದು ಹೊಟ್ಟೆಯ ಕಡೆಯಿಂದ. ಲಾರಿಗೆ, ಜೀಪಿಗೆ ಕೆಳಗೊಂದು ದಪ್ಪ ಚಾಸಿ ಇರುತ್ತದೆ. ಮೇಲಿನ ಮೈ ಕೊಳೆತರೂ ಅದು ಭಾರ ಹೊರುತ್ತದೆ. ಪದ್ಮಿನಿಗೆ ಅಂಥ ಬೇರೆ ಬೆನ್ನೆಲುಬಿಲ್ಲ. ನೆಲದ ತಗಡು, ಬಾಗಿಲ ಕೆಳಗಿನ ಹೊಸ್ತಿಲುಪಟ್ಟಿ, ಕಂಬ, ಚಾವಣಿ ಎಲ್ಲವೂ ಒಂದಕ್ಕೊಂದು ಬೆಸೆದುಕೊಂಡು ಒಂದೇ ಪೆಟ್ಟಿಗೆಯಂತೆ ಭಾರ ಹೊರುತ್ತವೆ. ಬೆಂಕಿಪೆಟ್ಟಿಗೆಯ ಹೊರಚಿಪ್ಪನ್ನು ಹಿಂಡಿದರೆ ಗಟ್ಟಿ, ಅದರ ಒಂದು ಮಗ್ಗುಲನ್ನು ಹರಿದರೆ ತಟ್ಟನೆ ಜಗ್ಗುತ್ತದೆ. ಕಾರಿನ ಹೊಸ್ತಿಲುಪಟ್ಟಿಗೆ ತುಕ್ಕು ಹಿಡಿದರೂ ಹಾಗೆಯೇ.

ಸೊಲ್ಲಾಪುರದ ಒಣಹವೆ ಕಬ್ಬಿಣಕ್ಕೆ ಕರಾವಳಿಗಿಂತ ಕರುಣಾಳು. ಆದರೆ ಅದನ್ನೇ ನಂಬಿ ಕುಳಿತವರು ಮೋಸಹೋಗುತ್ತಾರೆ. ಗಾಜಿನ ಸುತ್ತಣ ರಬ್ಬರು ಬಿಸಿಲಿಗೆ ಸೀಳಿ, ಮಳೆಗಾಲದ ನೀರು ಆ ಸೀಳಿನಿಂದ ಒಳಗಿಳಿದು, ಕಾಲೊರಸಿನ ಕೆಳಗೆ ಮಡುಗಟ್ಟುತ್ತದೆ. ಗಾಲಿಯ ಗೂಡಿನ ಮೂಲೆಯಲ್ಲಿ ಹೊಲದ ದಾರಿಯ ಎರೆಮಣ್ಣು ಮೆತ್ತಿಕೊಂಡರೆ, ಅದು ನೀರು ಹಿಡಿದಿಡುವ ಮಣ್ಣು, ಬೇಗ ಬಿಡುವುದಿಲ್ಲ. ಬಾಗಿಲ ಕೆಳಗೆ ನೀರು ಹೋಗಲೆಂದೇ ಬಿಟ್ಟ ಸಣ್ಣ ತೂತುಗಳು ಬಣ್ಣದ ಮೇಲೆ ಬಣ್ಣ ಬಳಿದು ಮುಚ್ಚಿಹೋಗಿರುತ್ತವೆ. ಜಂಗು ಒಳಗಿನಿಂದ ಹೊರಗೆ ಬರುತ್ತದೆ. ಹೊರಗೆ ಕಂಡಾಗ ಒಳಗೆ ಮುಗಿದಿರುತ್ತದೆ.

ಇದನ್ನು ದುರಸ್ತಿ ಮಾಡುವ ರೂಢಿಯ ರೀತಿಯನ್ನು ಯಾವ ಊರಿನ ಗ್ಯಾರೇಜಿನಲ್ಲಾದರೂ ನೋಡಬಹುದು. ಜ್ಯಾಕಿನ ಮೇಲೆ ಕಾರು, ಅದರ ಕೆಳಗೆ ಗೋಣಿಚೀಲ ಹಾಸಿ ಅಂಗಾತ ಮಲಗಿದ ಹುಡುಗ. ಕೆರೆದ ತುಕ್ಕು ಕಣ್ಣಿಗೆ, ಗ್ರೈಂಡರಿನ ಕಿಡಿ ಕೊರಳಿಗೆ, ವೆಲ್ಡಿಂಗಿನ ಕಾದ ಹನಿ ಎದೆಗೆ. ತಲೆಯ ಮೇಲಿನ ತಗಡನ್ನು ಬೆಸೆಯುವುದು ನುರಿತವನಿಗೂ ಕಷ್ಟ. ಕರಗಿದ ಲೋಹಕ್ಕೆ ಕೆಳಗೆ ಬೀಳುವುದೇ ಸ್ವಭಾವ. ಆದ್ದರಿಂದ ಅಲ್ಲಿ ನಡೆಯುವುದು ಬಹುಮಟ್ಟಿಗೆ ತೇಪೆ: ಕೊಳೆತದ್ದರ ಮೇಲೆ ತಗಡು, ತಗಡಿನ ಮೇಲೆ ಡಾಂಬರು. ಎರಡು ಮಳೆಗಾಲ ತಡೆದೀತು. ಮೇಲಾಗಿ ಇಟ್ಟಿಗೆಯ ಮೇಲೋ ಸೋರುವ ಜ್ಯಾಕಿನ ಮೇಲೋ ನಿಂತ ಗಾಡಿಯ ಕೆಳಗೆ ಮನುಷ್ಯ ಮಲಗುವುದೆಂದರೆ ಏನು ಪಣಕ್ಕಿಟ್ಟಂತೆ ಎಂಬುದನ್ನು ಹೇಳಬೇಕಾಗಿಲ್ಲ.

ಮನುಷ್ಯ ಕಾರಿನ ಕೆಳಗೆ ಹೋಗುವ ಬದಲು ಕಾರಿನ ಕೆಳಭಾಗವನ್ನೇ ಮನುಷ್ಯನ ಎದುರಿಗೆ ತರುವುದು ಇನ್ನೊಂದು ದಾರಿ. ಹೊರದೇಶಗಳ ಹಳೆಗಾಡಿಯ ಹವ್ಯಾಸಿಗಳು ಆ ಸಾಧನವನ್ನು 'ರೊಟಿಸರಿ' ಎನ್ನುತ್ತಾರೆ. ನಮ್ಮ ಜೋಳದ ರೊಟ್ಟಿಗೂ ಅದಕ್ಕೂ ಸಂಬಂಧವಿಲ್ಲ. ಹುರಿಯುವುದು, ಸುಡುವುದು ಎಂಬರ್ಥದ ಫ್ರೆಂಚ್ ಮಾತಿನಿಂದ ಹುಟ್ಟಿದ ಪದವದು. ಸಲಾಕೆಗೆ ಚುಚ್ಚಿದ ಮಾಂಸವನ್ನು ಕೆಂಡದ ಮೇಲೆ ತಿರುಗಿಸುತ್ತ ಬೇಯಿಸುವ ಅಡಿಗೆಮನೆಯ ಯಂತ್ರಕ್ಕೆ ಇಟ್ಟ ಹೆಸರು. ಎರಡು ತುದಿಗಳಲ್ಲಿ ಆಧಾರ, ನಡುವೆ ತೂಗುವ ವಸ್ತು, ಬೇಕಾದ ಮಗ್ಗುಲಿಗೆ ತಿರುಗಿಸಿ ನಿಲ್ಲಿಸುವ ಹಿಡಿ. ಕಾರಿನ ಮಟ್ಟಿಗೂ ಇಷ್ಟೇ.

ಸೊಲ್ಲಾಪುರದವರಿಗೆ ಇದನ್ನು ಅಡಿಗೆಮನೆಯ ಹೋಲಿಕೆಯಿಂದ ತಿಳಿಸುವ ಅಗತ್ಯವೂ ಇಲ್ಲ. ಮಗ್ಗದ ಹಿಂದುಗಡೆ ಹಾಸಿನ ನೂಲು ಸುತ್ತಿದ ಬೀಮು ಎರಡು ತುದಿಗಳಲ್ಲಿ ಕುಳಿತು ತಿರುಗುತ್ತದೆ. ಮುಂದುಗಡೆ ನೇಯ್ದ ಚಾದರ ಸುತ್ತಿಕೊಳ್ಳುವ ದಿಂಡು ಹಲ್ಲಿನ ಚಕ್ರಕ್ಕೆ ಕಚ್ಚಿದ ಕೊಕ್ಕೆಯ ಬಲದಿಂದ ಹಿಂದಕ್ಕೆ ಜಾರದೆ ನಿಲ್ಲುತ್ತದೆ. ತಿರುಗಬೇಕು, ತಿರುಗಿದ್ದು ನಿಲ್ಲಬೇಕು, ನಿಂತದ್ದು ತಾನಾಗಿ ಜಾರಬಾರದು: ಈ ಮೂರನ್ನು ಬಲ್ಲ ನೇಕಾರನ ಮನೆಯ ಹುಡುಗ ಕಾರಿನ ಚೌಕಟ್ಟನ್ನು ನೋಡಿದೊಡನೆ ಅರ್ಥಮಾಡಿಕೊಳ್ಳುತ್ತಾನೆ.

ಕಟ್ಟುವ ಕೆಲಸ ಅಳತೆಯಿಂದ ಮೊದಲಾಗುತ್ತದೆ, ಮತ್ತು ಅಲ್ಲಿ ಎಂಟನೆಯ ತರಗತಿಯ ಗಣಿತ ಸಾಕು. ಪದ್ಮಿನಿಯ ಅಗಲ ಸುಮಾರು 146 ಸೆಂಟಿಮೀಟರು. ಗಾಲಿ ಅಚ್ಚುಗಳನ್ನು ಕಳಚಿದ ಬರಿಮೈಯ ಎತ್ತರ 120 ಎಂದು ಹಿಡಿಯೋಣ. ಈ ಆಯತದ ಕರ್ಣ, ಪೈಥಾಗೊರಸನ ಸೂತ್ರದಂತೆ, ಸುಮಾರು 189. ಅದರ ಅರ್ಧ ಹತ್ತಿರಹತ್ತಿರ 95. ಮೈ ಪೂರ್ತಿ ಸುತ್ತು ಬರುವಾಗ ಅದರ ಮೂಲೆ ನೆಲಕ್ಕೆ ತಾಗಬಾರದೆಂದರೆ ತಿರುಗುವ ನಡುಗಂಬಿ ನೆಲದಿಂದ 95 ಸೆಂಟಿಮೀಟರಿಗಿಂತ ಮೇಲೇ ಇರಬೇಕು; 110 ಇಟ್ಟರೆ ಕೈಯಾಡಲು ಜಾಗ. ಕಾರಿನ ಉದ್ದ 4 ಮೀಟರಿಗೆ ಸ್ವಲ್ಪ ಕಡಿಮೆ. ಎರಡು ತುದಿಯ ಕಂಬಗಳಿಗೂ ನಡೆದಾಡಲಿಕ್ಕೂ ಸೇರಿಸಿದರೆ 20 ಅಡಿ ಉದ್ದ, 12 ಅಡಿ ಅಗಲದ ಸಮತಟ್ಟು ನೆಲ ಬೇಕು. ಹಳ್ಳಿಯ ಮನೆಯ ದನದ ಕೊಟ್ಟಿಗೆ ಖಾಲಿಯಿದ್ದರೆ ಅದಕ್ಕಿಂತ ಒಳ್ಳೆಯ ಕಾರ್ಯಾಗಾರವಿಲ್ಲ. ಆದರೆ ಮೇವಿನ ಬಣವೆ ದೂರವಿರಬೇಕು.

ಸಾಮಾನು ಹೆಚ್ಚಲ್ಲ. ಕಂಬಗಳಿಗೂ ಬುಡಕ್ಕೂ ದಪ್ಪ ಗೋಡೆಯ ಚೌಕ ಪೈಪು ಅಥವಾ ಕಬ್ಬಿಣದ ಚಾನೆಲ್. ಪ್ರತಿ ತುದಿಗೂ ಇಂಗ್ಲಿಷಿನ ಎಚ್ ಅಕ್ಷರದಂತೆ ನೆಲದ ಮೇಲೆ ಹರಡಿದ ಬುಡ, ಅದರ ನಡುವೆ ಕಂಬ, ಕಂಬಕ್ಕೂ ಬುಡಕ್ಕೂ ಓರೆಯಾಗಿ ಆನಿಸಿದ ತೊಡೆಕಟ್ಟು. ಕಂಬದ ತಲೆಯ ಮೇಲೆ ತಿರುಗುವ ಗುಂಭವಿದೆಯಲ್ಲ, ಅದಕ್ಕೆ ಎರಡು ದಾರಿಗಳು. ಒಂದು ಪೈಪಿನೊಳಗೆ ಇನ್ನೊಂದು ಪೈಪು ಸಡಿಲವಿಲ್ಲದೆ ಕೂರುವಂತೆ ಆರಿಸಿ ನಡುವೆ ಗ್ರೀಸು ತುಂಬುವುದು ಅಗ್ಗದ ದಾರಿ. ಕಬ್ಬಿನ ಟ್ರಾಲಿಯ ಹಳೆಯ ಹಬ್ಬನ್ನು ಬೇರಿಂಗು ಸಮೇತ ತಂದು ಕೂರಿಸುವುದು ಇನ್ನೊಂದು. ಟನ್ನುಗಟ್ಟಲೆ ಕಬ್ಬು ಹೊತ್ತ ಹಬ್ಬಿಗೆ ಕಾರಿನ ಬರಿಮೈ ಒಂದು ಭಾರವೇ ಅಲ್ಲ. ಹಿರಿಯರು ಬಂಡಿಯ ಅಚ್ಚಿಗೆ ಕೀಲೆಣ್ಣೆ ಹಚ್ಚಿ ತುದಿಗೆ ಕಡಾಣಿ ಜಡಿಯುತ್ತಿದ್ದರು. ಇಲ್ಲಿಯೂ ತಿರುಗುವ ಪೈಪು ಹೊರಕ್ಕೆ ಜಾರದಂತೆ ಅಂಥದೊಂದು ಕಡಾಣಿ ಬೇಕೇ ಬೇಕು. ಅದನ್ನು ಮರೆತವರ ಕಾರು ಒಂದು ತುದಿಯಿಂದ ಕಳಚಿಕೊಂಡು ನೆಲ ಸೇರೀತು.

ಗುಂಭದ ಮುಂದೆ ಒಂದು ಅಡ್ಡಪಟ್ಟಿ. ಅದರಿಂದ ಹೊರಟ ಎರಡು ತೋಳುಗಳನ್ನು ಕಾರಿನ ಬಂಪರು ಬಿಗಿಯುವ ಜಾಗಕ್ಕೆ, ಕಂಪನಿಯೇ ಕೊಟ್ಟ ತೂತುಗಳಿಗೆ, ಬೋಲ್ಟಿನಿಂದ ಕಟ್ಟಬೇಕು. ಬಂಪರಿನ ಜಾಗವೇ ಕೊಳೆತಿದ್ದರೆ ಅದನ್ನು ಮೊದಲು ಸರಿಪಡಿಸದೆ ಮುಂದುವರಿಯುವಂತಿಲ್ಲ. ತೋಳುಗಳು ಮೇಲೆ ಕೆಳಗೆ ಸರಿಯುವಂತೆ ಅಡ್ಡಪಟ್ಟಿಯಲ್ಲಿ ಉದ್ದನೆಯ ಸೀಳುಗಳಿರಲಿ. ಕಾರಣ ಮುಂದೆ ತಿಳಿಯುತ್ತದೆ. ಗುಂಭದ ಹಿಂದೆ ದಪ್ಪ ತಗಡಿನ ಒಂದು ಬಿಲ್ಲೆ, ಅದರ ಅಂಚಿನುದ್ದಕ್ಕೂ ಸಮ ಅಂತರದ ತೂತುಗಳು, ತೂತಿನಲ್ಲಿ ತೂರಿಸುವ ಬೆರಳುಗಾತ್ರದ ಉಕ್ಕಿನ ಗೂಟ. ಬೀಮಿನ ಹಲ್ಲುಚಕ್ರ ಮಾಡುವ ಕೆಲಸವನ್ನು ಈ ಬಿಲ್ಲೆ ಮಾಡುತ್ತದೆ. ಎರಡು ಕಂಬಗಳ ಬುಡವನ್ನು ನೆಲದ ಮೇಲೊಂದು ಉದ್ದ ಪೈಪಿನಿಂದ ಕೂಡಿಸಿದರೆ ಅವು ಒಂದನ್ನೊಂದು ಬಿಟ್ಟು ಅಗಲುವುದಿಲ್ಲ.

ಕಾರನ್ನು ಅದರ ಮೇಲೆ ಏರಿಸುವ ಮೊದಲಿನ ಕೆಲಸವೇ ನಿಜಕ್ಕೂ ದೊಡ್ಡದು. ಎಂಜಿನು, ಗೇರುಪೆಟ್ಟಿಗೆ, ಅಚ್ಚುಗಳು, ಗಾಜು, ಆಸನ, ತಂತಿ ಎಲ್ಲ ಹೊರಗೆ. ಪ್ರತಿ ನಟ್ಟನ್ನೂ ಬೇರೆಬೇರೆ ಡಬ್ಬಿಯಲ್ಲಿ ಹಾಕಿ ಮೇಲೊಂದು ಚೀಟಿ ಅಂಟಿಸುವುದು ಮನೆಯ ಮಕ್ಕಳ ಪಾಲಿನ ಕೆಲಸ. ಆರು ತಿಂಗಳ ಬಳಿಕ ಆ ಚೀಟಿಗಳೇ ಪಂಚಾಂಗ. ಪೆಟ್ರೋಲ್ ಟ್ಯಾಂಕನ್ನು ಎಲ್ಲಕ್ಕಿಂತ ಮೊದಲು ತೆಗೆದು ಮನೆಯಿಂದ ದೂರ ಇಡಬೇಕು. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕು ಹೆಚ್ಚು ಅಪಾಯದ್ದು. ಒಳಗುಳಿದ ಆವಿ ಗಾಳಿಯೊಡನೆ ಬೆರೆತು ಒಂದು ಕಿಡಿಗೆ ಕಾದಿರುತ್ತದೆ, ಆ ಕಿಡಿ ಗ್ರೈಂಡರಿನಿಂದ ಎಷ್ಟು ದೂರ ಹಾರೀತೆಂದು ಹೇಳಲಾಗದು.

ಬಾಗಿಲು ತೆಗೆದ ಮೈ ಇನ್ನೂ ದುರ್ಬಲ. ಹೊಸ್ತಿಲುಪಟ್ಟಿಯೂ ಕೊಳೆತಿದ್ದು, ಆ ಸ್ಥಿತಿಯಲ್ಲಿ ಎರಡು ತುದಿಗಳನ್ನು ಹಿಡಿದು ತೂಗಿದರೆ ನಡು ಜೋಲುತ್ತದೆ. ಒಮ್ಮೆ ಜೋತ ಮೈಗೆ ಆಮೇಲೆ ಬಾಗಿಲು ಕೂರುವುದಿಲ್ಲ. ಬಾಗಿಲ ಚೌಕಟ್ಟಿನ ಎರಡೂ ಕರ್ಣಗಳನ್ನು ಟೇಪಿನಿಂದ ಅಳೆದು ಗೋಡೆಯ ಮೇಲೆಯೇ ಬರೆದಿಡುವುದು, ಬಳಿಕ ಬಾಗಿಲ ಬಯಲಿಗೆ ಅಡ್ಡಲಾಗಿಯೂ ಓರೆಯಾಗಿಯೂ ತಾತ್ಕಾಲಿಕ ಪೈಪುಗಳನ್ನು ಬೆಸೆಯುವುದು, ಇವೆರಡನ್ನು ಬಿಡುವಂತಿಲ್ಲ. ಹೊಸ್ತಿಲುಪಟ್ಟಿ ತೀರಾ ಹೋಗಿದ್ದರೆ ಅದನ್ನು ನೆಲದ ಮೇಲೆ, ಕಾರು ತನ್ನ ಸಹಜ ನಿಲುವಿನಲ್ಲಿರುವಾಗಲೇ, ಹೊಸದಾಗಿ ಕಟ್ಟಿ ಆಮೇಲೆ ಮೇಲಕ್ಕೆತ್ತುವುದು ಲೇಸು. ಅವಸರದವರು ಇಲ್ಲಿಯೇ ಎಡವುತ್ತಾರೆ. ಚೌಕಟ್ಟು ಕಟ್ಟಿದ ಹುರುಪಿನಲ್ಲಿ ಕಾರು ಏರಿಸಿಬಿಡುತ್ತಾರೆ. ಬಾವಡಿಯ ಮೋಟಾರು ಇಳಿಸುವ ಚೈನ್ ಪುಲ್ಲಿ ಸಿಕ್ಕರೆ ಎತ್ತುವುದು ಸುಲಭ, ಇಲ್ಲವಾದರೆ ಎರಡು ಜ್ಯಾಕುಗಳಿಂದ ಬೆರಳುಬೆರಳಾಗಿ ಏರಿಸಿ, ಪ್ರತಿ ಏರಿಕೆಗೂ ಕೆಳಗೆ ಮರದ ದಿಮ್ಮಿ ಕೊಡುತ್ತ ಹೋಗಬೇಕು.

ಇನ್ನು ತೂಕದ ಮಾತು. ಸೊಲ್ಲಾಪುರದಲ್ಲಿ ಇದನ್ನು ವಿವರಿಸಲು ಪುಸ್ತಕ ಬೇಡ. ಮಕರ ಸಂಕ್ರಾಂತಿಯ ಗಡ್ಡೆಯ ಜಾತ್ರೆಯಲ್ಲಿ ಸಿದ್ಧರಾಮೇಶ್ವರರ ಏಳು ನಂದಿಧ್ವಜಗಳು ಬೀದಿಯಲ್ಲಿ ಸಾಗುವುದನ್ನು ಕಂಡಿರದ ಮಗು ಈ ಊರಿನಲ್ಲಿಲ್ಲ. ಮುಗಿಲೆತ್ತರದ ಕೋಲನ್ನು ನಡುವಿಗೆ ಆನಿಸಿ ಹೊತ್ತವನು ತೋಳ್ಬಲದಿಂದ ಅದನ್ನು ನಿಲ್ಲಿಸುತ್ತಿಲ್ಲ. ಕೋಲಿನ ಭಾರದ ಕೇಂದ್ರವನ್ನು ತನ್ನ ಕಾಲ ನೆಲೆಯ ಮೇಲೆಯೇ ಉಳಿಸಿಕೊಳ್ಳುತ್ತಾನೆ. ಒಂದು ಗೇಣು ಸರಿದರೆ ಹತ್ತು ಜನ ಹಿಡಿದರೂ ನಿಲ್ಲದು. ಕಾರಿನ ಮೈಗೂ ಹೀಗೊಂದು ಭಾರದ ಕೇಂದ್ರವಿದೆ. ತಿರುಗುವ ನಡುಗಂಬಿಯ ಗೆರೆ ಅದರ ಮೂಲಕವೇ ಹಾದುಹೋದರೆ ಕಾರನ್ನು ಒಬ್ಬ ಮಗು ತಿರುಗಿಸಬಲ್ಲದು. ಎಲ್ಲಿ ಬಿಟ್ಟರೆ ಅಲ್ಲಿ ನಿಲ್ಲುತ್ತದೆ.

ಲೆಕ್ಕ ಹಾಕಿ ನೋಡಬಹುದು. ಬರಿಮೈಯ ತೂಕ 250 ಕಿಲೋ ಎಂದಿಟ್ಟುಕೊಂಡು, ನಡುಗಂಬಿ ಭಾರದ ಕೇಂದ್ರದಿಂದ 10 ಸೆಂಟಿಮೀಟರು ತಪ್ಪಿದೆ ಎನ್ನೋಣ. ಆಗ ನಡುವಿನಿಂದ 70 ಸೆಂಟಿಮೀಟರು ದೂರದ ಹೊಸ್ತಿಲುಪಟ್ಟಿಯನ್ನು ಹಿಡಿದು ತಡೆಯುವವನಿಗೆ ಹೆಚ್ಚೆಂದರೆ 36 ಕಿಲೋದಷ್ಟು ಭಾರ ಬೀಳುತ್ತದೆ. ಅಂದರೆ ಒಂದು ಸಣ್ಣ ಜೋಳದ ಚೀಲ ಕೈಮೇಲೆ ಜಗ್ಗಿದ ಹಾಗೆ. ತಪ್ಪನ್ನು 2 ಸೆಂಟಿಮೀಟರಿಗೆ ಇಳಿಸಿದರೆ ಅದೇ ಭಾರ 7 ಕಿಲೋ. ಅಡ್ಡಪಟ್ಟಿಯಲ್ಲಿ ಸೀಳು ಬಿಟ್ಟದ್ದು ಇದಕ್ಕಾಗಿ. ಮೈಯನ್ನು ಸ್ವಲ್ಪವೇ ಓರೆ ಮಾಡಿ ಬಿಟ್ಟಾಗ ಅದು ಮತ್ತೆ ನೆಟ್ಟಗಾದರೆ ಭಾರ ಗೆರೆಯ ಕೆಳಗಿದೆ, ಇನ್ನಷ್ಟು ಉರುಳಲು ಹವಣಿಸಿದರೆ ಭಾರ ಗೆರೆಯ ಮೇಲಿದೆ. ಹಗ್ಗ ಕಟ್ಟಿ ಇಬ್ಬರು ಹಿಡಿದುಕೊಂಡು, ಬೆರಳಗಲ ಬೆರಳಗಲ ಸರಿಸುತ್ತ ಈ ಪರೀಕ್ಷೆ ಮಾಡಬೇಕು. ಒಂದು ದಿನ ಹಿಡಿದರೂ ಹಿಡಿಯಲಿ. ನೆಲದ ತಗಡನ್ನು ಕತ್ತರಿಸಿ ತೆಗೆದ ಮೇಲೆ ಭಾರದ ಕೇಂದ್ರ ಮತ್ತೆ ಸರಿಯುತ್ತದೆ, ಆಗ ಪರೀಕ್ಷೆಯನ್ನೂ ಮತ್ತೆ ಮಾಡಬೇಕು.

ಅಂತೂ ಗೂಟ ತೂರಿಸಿ ಕಾರನ್ನು ಮಗ್ಗುಲಿಗೆ ನಿಲ್ಲಿಸಿದಾಗ ಐವತ್ತು ವರ್ಷ ಯಾರೂ ಬೆಳಕಿನಲ್ಲಿ ನೋಡದ ಭಾಗ ಗೋಡೆಯ ಚಿತ್ರದಂತೆ ಎದುರಿಗೆ ನಿಲ್ಲುತ್ತದೆ. ಕೆರೆಯುವವನು ನಿಂತುಕೊಂಡು ಕೆರೆಯುತ್ತಾನೆ, ತುಕ್ಕು ಕಾಲಬುಡಕ್ಕೆ ಬೀಳುತ್ತದೆ. ಕೊಳೆತ ತಗಡನ್ನು ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ, ಅದೇ ಆಕಾರಕ್ಕೆ ಬಡಿದ ಹೊಸ ತಗಡನ್ನು ಅಂಚಿಗೆ ಅಂಚು ಕೂಡಿಸಿ, ಚುಕ್ಕೆ ಚುಕ್ಕೆಯಾಗಿ ಬೆಸೆಯಬಹುದು. ಒಂದೇ ಸಮನೆ ಗೆರೆ ಎಳೆದರೆ ತೆಳು ತಗಡು ಕಾಯಿಸಿದ ಹಪ್ಪಳದಂತೆ ಸೊಟ್ಟಗಾಗುತ್ತದೆ. ಆದ್ದರಿಂದ ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ, ನಡುವೆ ಆರಲು ಬಿಡುವು. ಗ್ಯಾರೇಜಿನವರು ಸಿಒಟು ಎಂದು ಕರೆಯುವ ವೆಲ್ಡಿಂಗು ಈ ಕೆಲಸಕ್ಕೆ ತಕ್ಕದ್ದು. ಗೇಟು ಮಾಡುವ ಕಡ್ಡಿಯ ವೆಲ್ಡಿಂಗಿಗೆ ಈ ತಗಡು ತೂತುಬೀಳುತ್ತದೆ. ಚೌಕಟ್ಟನ್ನು ಕಟ್ಟಲು ಕಡ್ಡಿ ಒಳ್ಳೆಯದು, ಕಾರಿಗಲ್ಲ.

ಚೌಕಟ್ಟು ಇದೆಯೆಂದು ಅಪಾಯ ಓಡಿಹೋಗುವುದಿಲ್ಲ. ಗೂಟವಿಲ್ಲದೆ ಬರಿಯ ಬಿಗಿತವನ್ನು ನಂಬಿ ತಿರುಗುವ ಮೈಯ ಕೆಳಗೆ ತಲೆ ತೂರಿಸಬಾರದು. ತಿರುಗಿಸುವಾಗ ಮಕ್ಕಳು ಗೆರೆಯಾಚೆ ನಿಲ್ಲಬೇಕು. ಕಣ್ಣಿಗೆ ಕನ್ನಡಕ, ಮೂಗಿಗೆ ಧೂಳು ತಡೆಯುವ ಮುಖಕವಚ ಇಲ್ಲದೆ ಹಳೆಯ ಬಣ್ಣ ಕೆರೆಯಬಾರದು. ಆ ಕಾಲದ ಬಣ್ಣಗಳಲ್ಲಿ ಸೀಸವಿರುವ ಸಂಭವವಿದೆ. ಎರಡು ಡಬ್ಬಿ ಬೆರೆಸಿ ಹೊಡೆಯುವ ಇಂದಿನ ಗಟ್ಟಿ ಬಣ್ಣಗಳ ಹಬೆ ಶ್ವಾಸಕೋಶಕ್ಕೆ ಅದಕ್ಕಿಂತಲೂ ಕೆಡುಕು. ಬಾಯಿಗೆ ಕಟ್ಟಿದ ಟವೆಲು, ಅದು ಸೊಲ್ಲಾಪುರದ್ದೇ ಆದರೂ, ಅದನ್ನು ತಡೆಯಲಾರದು. ಆ ಬಣ್ಣವನ್ನು ತಕ್ಕ ಸಲಕರಣೆಯುಳ್ಳ ಪೇಂಟರಿಗೆ ಬಿಡುವುದೇ ಸರಿ.

ಕಾಗದಪತ್ರದ ಕಡೆಯೂ ಒಂದು ಕಣ್ಣಿರಬೇಕು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಗಾಡಿಯನ್ನು ತೋರಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಹಿತ್ತಿಲಿನಲ್ಲಿ ಮಲಗಿದ ಬಹುಪಾಲು ಗಾಡಿಗಳ ನವೀಕರಣ ಎಂದೋ ತಪ್ಪಿಹೋಗಿರುತ್ತದೆ. 50 ವರ್ಷ ದಾಟಿದ ವಾಹನಗಳಿಗೆ ಕೇಂದ್ರ ಸರ್ಕಾರ 2021ರಲ್ಲಿ ಬೇರೆಯೇ ನಿಯಮ ತಂದಿದೆ: ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ, ಮರುನೋಂದಣಿಗೆ 5,000 ರೂಪಾಯಿ, ಸಂಖ್ಯೆಯ ನಡುವೆ 'ವಿಎ' ಎಂಬ ಗುರುತು. ಅಂಥ ಗಾಡಿಯನ್ನು ಪ್ರದರ್ಶನಕ್ಕೆ, ರ್‍ಯಾಲಿಗೆ, ಇಂಧನ ತುಂಬಿಸಲು, ದುರಸ್ತಿಗೆ ಓಡಿಸಬಹುದೇ ಹೊರತು ದಿನನಿತ್ಯ ಸಂತೆಗೆ ಹೋಗಲು ಅಲ್ಲ. 1975ರಲ್ಲಿ ನೋಂದಣಿಯಾದ ಪದ್ಮಿನಿಗೆ 2025ಕ್ಕೆ ಐವತ್ತು ತುಂಬಿತು. ಆದರೆ ಮೈ, ಚಾಸಿ, ಎಂಜಿನುಗಳಲ್ಲಿ ಗಣನೀಯ ಬದಲಾವಣೆ ಆಗಿರಬಾರದು ಎಂಬುದೂ ಆ ನಿಯಮದಲ್ಲಿದೆ. ಆದ್ದರಿಂದ ಗ್ರೈಂಡರು ಹಿಡಿಯುವ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸುವುದು, ಚಾಸಿ ಸಂಖ್ಯೆಯಿರುವ ತಗಡನ್ನು ಮುಟ್ಟದಿರುವುದು, ಕತ್ತರಿಸಿದ ಪ್ರತಿ ಭಾಗದ ಚಿತ್ರವನ್ನು ಮುಂಚೆಯೂ ಆಮೇಲೂ ತೆಗೆದಿಡುವುದು ಜಾಣತನ. ಮೈಯನ್ನು ಮೋಹಕ್ಕಾಗಿ ಬದಲಿಸಿದವನ ಕಾರು ಚೆಂದವಾಗಿ ಕಂಡೀತು, ರಸ್ತೆಗೆ ಬರದೆ ಉಳಿದೀತು.

ಕನ್ನಡ ಶಾಲೆಗಳ ಮನೆಗಳಲ್ಲಿ ಇದು ಕೇವಲ ಶೋಕಿಯ ಮಾತಲ್ಲ. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲೂಕುಗಳಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ಹುಡುಗ ಐಟಿಐಯ ವೆಲ್ಡರ್, ಫಿಟ್ಟರ್ ತರಗತಿಗಳಿಗೆ ಸೇರಿದಾಗ ಪಾಠದ ಭಾಷೆ ತಟ್ಟನೆ ಬದಲಾಗುತ್ತದೆ. ಓದಿನಲ್ಲಿ ಹಿಂದೆ ಬಿದ್ದನೆಂದು ಊರು ಹೇಳುತ್ತದೆ. ಹಿಂದೆ ಬಿದ್ದದ್ದು ಅವನಲ್ಲ, ಅವನ ಕೈಯಲ್ಲಿದ್ದ ಮಾತುಗಳು. ಕರ್ಣ, ಭಾರದ ಕೇಂದ್ರ, ಸನ್ನೆ, ಘರ್ಷಣೆ ಇವನ್ನು ಅವನು ಕನ್ನಡದ ಪಾಠಪುಸ್ತಕದಲ್ಲಿ ಓದಿದ್ದಾನೆ. ಆದರೆ ಅವುಗಳ ಮೇಲೆ ಕೈಯಿಟ್ಟು ನೋಡಿಲ್ಲ. ಚೌಕಟ್ಟಿನ ಗೂಟ ತೆಗೆದು 250 ಕಿಲೋ ಕಬ್ಬಿಣವನ್ನು ಎರಡು ಬೆರಳಿನಿಂದ ತಿರುಗಿಸಿದ ಹುಡುಗಿಗೆ ಭಾರದ ಕೇಂದ್ರವೆಂದರೇನು ಎಂದು ಯಾವ ಭಾಷೆಯಲ್ಲಿ ಕೇಳಿದರೂ ಉತ್ತರ ಬರುತ್ತದೆ. ಪಾನಾ, ಜ್ಯಾಕು, ಗ್ರೈಂಡರು ಎಲ್ಲ ಭಾಷೆಯಲ್ಲೂ ಒಂದೇ. ಉಳಿದದ್ದನ್ನು ಅಪ್ಪ, ಕಾಕಾ, ಬಾಜೂ ಮನೆಯ ಮಿಸ್ತ್ರಿ ಮನೆಮಾತಿನಲ್ಲಿ ಹೇಳಿಕೊಡಬಲ್ಲರು.

ಅಕ್ಕಲಕೋಟೆಯ ಅರಮನೆಯಲ್ಲಿ ಭೋಸಲೆ ಅರಸರ ಶಸ್ತ್ರಾಗಾರವಿದೆ. ಗುಡಿಗೆ ಬಂದವರು ಬಿಡುವಿದ್ದರೆ ಅದನ್ನೂ ನೋಡಿ ಹೋಗುತ್ತಾರೆ. ಕತ್ತಿ, ಕಠಾರಿ, ಬಂದೂಕುಗಳ ಸಾಲು. ಯುದ್ಧವಿಲ್ಲದ ಕಾಲದಲ್ಲಿ ಆಯುಧದ ಶತ್ರು ತುಕ್ಕೊಂದೇ, ಒರೆಸಿ ಎಣ್ಣೆ ಸವರುವುದೊಂದೇ ಅದಕ್ಕೆ ಮದ್ದು. ಕಾರಿಗೂ ಅದೇ. ಹೊಸ ತಗಡಿನ ಮೇಲೆ ಸತುವಿನ ಪ್ರೈಮರು, ಜೋಡಣೆಯ ಸಂದುಗಳಿಗೆ ಸೀಲರು, ಕೆಳಮೈಗೆ ದಪ್ಪ ಬಣ್ಣ, ಪೆಟ್ಟಿಗೆಯಂಥ ಟೊಳ್ಳುಗಳ ಒಳಗೆ ಮೇಣದ ದ್ರವ. ಈ ಕೊನೆಯ ಕೆಲಸದಲ್ಲಿ ಚೌಕಟ್ಟು ಮತ್ತೊಮ್ಮೆ ನೆರವಾಗುತ್ತದೆ: ಮೇಣ ಹೊಯ್ದ ಮೇಲೆ ಮೈಯನ್ನು ನಿಧಾನವಾಗಿ ಪೂರ್ತಿ ಒಂದು ಸುತ್ತು ತಿರುಗಿಸಿದರೆ ಅದು ಮೂಲೆಮೂಲೆಗೂ ತಾನೇ ಹರಿದು ಹೋಗುತ್ತದೆ. ನೀರಿಳಿಯುವ ತೂತುಗಳನ್ನು ಆಮೇಲೆ ಒಂದು ತಂತಿಯಿಂದ ಚುಚ್ಚಿ ತೆರೆದಿಡಬೇಕು.

ಬಳಿಕ ಕಾರು ತನ್ನ ಗಾಲಿಗಳ ಮೇಲೆ ಇಳಿಯುತ್ತದೆ, ಕೊಟ್ಟಿಗೆಯಲ್ಲಿ ಚೌಕಟ್ಟು ಉಳಿಯುತ್ತದೆ. ಅದನ್ನು ಬೆಸೆಯುವ ಬದಲು ಬೋಲ್ಟಿನಿಂದ ಜೋಡಿಸಿದ್ದರೆ ಕಳಚಿ ಗೋಡೆಗೆ ಒರಗಿಸಿಡಬಹುದು. ಕಬ್ಬಿನ ಹಂಗಾಮು ಮುಗಿದ ಮೇಲೆ ಖಾಲಿ ನಿಂತ ಟ್ರಾಲಿಯಲ್ಲಿ ಹಾಕಿಕೊಂಡು ಮೈಂದರ್ಗಿಗೋ ದುಧನಿಗೋ ನಾಗಣಸೂರಿಗೋ ಒಯ್ಯಬಹುದು. ತೋಳುಗಳ ಅಳತೆಯನ್ನು ಸ್ವಲ್ಪ ಸರಿಸಿದರೆ ಇನ್ನೊಂದು ಮನೆಯ ಅಂಬಾಸಡರೂ ಅದರ ಮೇಲೆ ಕೂರುತ್ತದೆ. ಅದು ಪದ್ಮಿನಿಗಿಂತ ಅಗಲವಾದ ಕಾರು, ನಡುಗಂಬಿಯನ್ನು ಇನ್ನಷ್ಟು ಮೇಲಕ್ಕೇರಿಸಬೇಕಾದೀತು. ಕರ್ಣದ ಲೆಕ್ಕವನ್ನು ಆ ಮನೆಯ ಮಕ್ಕಳೇ ಹಾಕಲಿ.